ಕಾನ್ಬಾರಾದಲ್ಲಿ ಅಷ್ಟು ಹಿಮ ಬೀಳುತ್ತದೆಯೇ?

ಕರಿಮಸಿ: ಜಪಾನಿನ ಚಿತ್ರಕಾರ ಹಿರೋಶಿಗೆಯ ‘ತೊಕೈದೊ ಹೆದ್ದಾರಿಯ 53 ತಂಗುದಾಣಗಳು’ ಎಂಬ ಮರದಚ್ಚಿನ ಮುದ್ರಣಮಾಲೆಯನ್ನು (1833–34; ತೊಕೈದೊ ಎಂದರೆ ಎದೊ, ಅಂದರೆ ಇಂದಿನ ಟೋಕಿಯೊದಿಂದ ಕ್ಯೋಟೊಗೆ ಹೋಗುವ ದಾರಿ) ಅಂದಿನ ಜಪಾನಿನ ಜನಜೀವನದ ದಾಖಲೆ ಎಂದು ಹೊಗಳುವವರೊಡನೆ ನನ್ನದೊಂದು ತಕರಾರಿದೆ. ಅದರಲ್ಲಿನ ಕಾನ್ಬಾರಾ ತಂಗುದಾಣದ ರಾತ್ರಿ ಚಿತ್ರದಲ್ಲಿ ಮಾಡುಗಳೆಲ್ಲ ಹಿಮದಡಿ ಹೂತಿವೆ. ಊರಿರುವುದೋ ಬೆಚ್ಚನೆಯ ಕರಾವಳಿಯಲ್ಲಿ! ಇದು ಯಾವ ಸೀಮೆಯ ದಾಖಲೆ?

ಶಿಜುವೊಕಾ ನಿವಾಸಿ: ನಾನಿರುವುದು ಅದೇ ಪ್ರಾಂತ್ಯದಲ್ಲಿ. ಚಹಾ, ಕಿತ್ತಳೆ ಬೆಳೆಯುವ ನೆಲ. ಕರಾವಳಿಯಲ್ಲಿ ಹಿಮ ಬಿದ್ದರೆ ಅದೇ ಸುದ್ದಿ. ಆದರೆ ಮರಿಕೊ ಚಿತ್ರ ನೋಡಿ. ಹುಲ್ಲು ಮಾಡಿನ ಅಂಗಡಿ, ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು, ಕುಳಿತು ಉಣ್ಣುವ ಇಬ್ಬರು ದಾರಿಹೋಕರು, ‘ತೊರೊರೊ ಸಾರು’ ಎಂಬ ಫಲಕ. ಕಾಡುಗೆಣಸು ತುರಿದು ಮಾಡುವ ಆ ಸಾರು ಮರಿಕೊದಲ್ಲಿ ಇಂದಿಗೂ ಸಿಗುತ್ತದೆ. ಹವೆ ಸುಳ್ಳಾದ ಮಾತ್ರಕ್ಕೆ ಹೊಟ್ಟೆಪಾಡೂ ಸುಳ್ಳೇ?

ಕರಿಮಸಿ: ಸಾರಿನ ಫಲಕ ಬರೆಯಲು ಅಲ್ಲಿಗೆ ಹೋಗಲೇಬೇಕೆಂದಿಲ್ಲ. 1797ರ ಸಚಿತ್ರ ಪ್ರವಾಸ ಕೈಪಿಡಿಯಿಂದ ಆತ ಕೆಲವು ದೃಶ್ಯಗಳನ್ನು ಎತ್ತಿಕೊಂಡಿದ್ದಾನೆ. 1832ರಲ್ಲಿ ಶೋಗನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಕಳುಹಿಸಿದ ಕುದುರೆಗಳ ಜೊತೆ ಕ್ಯೋಟೊವರೆಗೆ ಹೋಗಿದ್ದನೆಂಬ ಕಥೆಯನ್ನೇ ಹಲವು ವಿದ್ವಾಂಸರು ಅನುಮಾನಿಸುತ್ತಾರೆ.

ಹಲಗೆಯುಳಿ: ಎಲ್ಲವನ್ನೂ ಅವನೊಬ್ಬನ ತಲೆಗೆ ಏಕೆ ಕಟ್ಟುತ್ತೀರಿ? ಅವನು ಕೊಟ್ಟದ್ದು ತೆಳು ಕಾಗದದ ಮೇಲಿನ ರೇಖಾಚಿತ್ರ. ಅದನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತಿದವನು ಬೇರೆ, ಬಣ್ಣ ಹಚ್ಚಿ, ಕಾಗದದ ಬೆನ್ನನ್ನು ಬಾರೆನ್ ಎಂಬ ದುಂಡನೆಯ ಉಜ್ಜುಗದಿಂದ ಉಜ್ಜಿ ಅಚ್ಚೊತ್ತಿದವನು ಬೇರೆ. ಕಾನ್ಬಾರಾದ ಪ್ರತಿಗಳಲ್ಲೇ ಎರಡು ಬಗೆ: ಒಂದರಲ್ಲಿ ಆಕಾಶದ ಕಪ್ಪು ಮೇಲಿನಿಂದ ಇಳಿಯುತ್ತದೆ, ಇನ್ನೊಂದರಲ್ಲಿ ಬೆಟ್ಟದ ಅಂಚಿನಿಂದ ಏರುತ್ತದೆ. ಮಸಿಯನ್ನು ಹಲಗೆಯ ಯಾವ ಕಡೆಗೆ ಒರೆಸಿ ತೆಳುವಾಗಿಸುತ್ತಾರೆ ಎಂಬುದರ ಮೇಲೆ ರಾತ್ರಿಯ ಬಗೆ ನಿಂತಿದೆ. ಗೊಯು ಚಿತ್ರವನ್ನೂ ನೋಡಿ. ವಸತಿಗೃಹದ ಹೆಂಗಸರು ಪ್ರಯಾಣಿಕನನ್ನು ಗಂಟುಸಮೇತ ಒಳಕ್ಕೆಳೆಯುತ್ತಿದ್ದಾರೆ. ಪಕ್ಕದ ಫಲಕಗಳಲ್ಲಿ ಪ್ರಕಾಶಕ ತಕೆನೊಉಚಿ, ಕೆತ್ತಿದವನು, ಅಚ್ಚೊತ್ತಿದವನು ಎಲ್ಲರ ಹೆಸರೂ ಇವೆ. ಜಾಹೀರಾತನ್ನು ಇಷ್ಟು ಜಾಣತನದಿಂದ ತುರುಕಿದವರು ದಾಖಲೆ ಕೊಡುತ್ತೇವೆಂದು ಮಾತು ಕೊಟ್ಟಿರಲಿಲ್ಲವಲ್ಲ.

ಶಿಜುವೊಕಾ ನಿವಾಸಿ: ಆದರೂ ಕೊಟ್ಟಿದ್ದಾರೆ. ಓಯಿ ನದಿಗೆ ಶೋಗನ್ ಆಡಳಿತ ಸೇತುವೆ ಕಟ್ಟಗೊಡಲಿಲ್ಲ. ಕೂಲಿಗಳು ಜನರನ್ನು ಹೆಗಲ ಮೇಲೆ, ಹಲಗೆಗಳ ಮೇಲೆ ಹೊತ್ತು ದಾಟಿಸುತ್ತಿದ್ದರು. ಶಿಮಾದಾ ಚಿತ್ರದಲ್ಲಿ ಅದೆಲ್ಲ ಇದೆ.

ಕರಿಮಸಿ: ಇದೆ, ಆಕಾಶದಿಂದ ನೋಡಿದ ಹಾಗೆ. ಕೂಲಿಗಳು ಇರುವೆಗಳಷ್ಟು ಚಿಕ್ಕವರು. ತಣ್ಣೀರಿನಲ್ಲಿ ನಿಂತವನ ಪಾಡು ಅದರಲ್ಲಿ ಎಲ್ಲಿದೆ?

ಹಲಗೆಯುಳಿ: ಅದು ಬೇಕಾದರೆ ಶೊನೊ ಚಿತ್ರಕ್ಕೆ ಬನ್ನಿ. ಓರೆಯಾಗಿ ಬಡಿಯುವ ಮಳೆ, ಏರುದಾರಿ. ಪಲ್ಲಕ್ಕಿಗೆ ಹೊದಿಕೆಯಿದೆ, ಹೊತ್ತವರ ಕಾಲು ಬರಿದು.