ಮೈಕ್ ‘ಕುಂಯ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ತಡಕಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಆನ್‌ಲೈನ್ ಸಭೆಗಳಿಗೆ ಹೊಸಬರಾದ ಹಿರಿಯರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೈಕ್ ಯಾವಾಗ ಆಫ್ ಮಾಡಬೇಕು, ಫೋನನ್ನು ಎಲ್ಲಿಡಬೇಕು, ಇಂಥವು. ಉಳಿದದ್ದೆಲ್ಲ ಸಲೀಸಾಗಿ ಬಂತು. ಒಂದು ಕಡೆ ಮಾತ್ರ ಪೆನ್ನು ನಿಂತುಬಿಟ್ಟಿತು. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಬಂದು, ಹೀಗೇ ಸುತ್ತಿ ಸುತ್ತಿ ಕೊನೆಗೆ ಕಿವಿ ಗಡಚಿಕ್ಕುವ ಹಾಗೆ ಕೂಗುತ್ತದಲ್ಲ, ಅದಕ್ಕೆ ಏನು ಬರೆಯಲಿ?

ಮೊದಲ ಕರಡಿನಲ್ಲಿ ‘ಫೀಡ್‌ಬ್ಯಾಕ್’ ಅಂತಲೇ ಬರೆದಿದ್ದೆ. ‘ಫೀಡ್‌ಬ್ಯಾಕ್ ಬಂದರೆ ಕೂಡಲೇ ಸ್ಪೀಕರಿನ ದನಿ ಇಳಿಸಿ’ ಅನ್ನುವುದು ವಾಕ್ಯ. ಅದನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಓದಿ, “ಯಾರಾದರೂ ಅಭಿಪ್ರಾಯ ಹೇಳಿದರೆ ದನಿ ಯಾಕಪ್ಪಾ ಇಳಿಸಬೇಕು? ಇನ್ನೂ ಜೋರಾಗಿ ಕೇಳಿಸಿಕೊಳ್ಳಬೇಕಲ್ವಾ?” ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಬ್ಯಾಂಕಿನವರು, ಆಸ್ಪತ್ರೆಯವರು, ಆ್ಯಪ್‌ನವರು ಎಲ್ಲರೂ ದಿನಾ ಅವರ ಹತ್ತಿರ ಫೀಡ್‌ಬ್ಯಾಕ್ ಕೇಳುತ್ತಾರೆ. ಅವರಿಗೆ ಆ ಪದದ ಅರ್ಥ ಅದೊಂದೇ.

ಇಂಗ್ಲಿಷಿನಲ್ಲಿ ಈ ಪದ ಮೊದಲು ಬಳಕೆಗೆ ಬಂದದ್ದು ರೇಡಿಯೊ ಮತ್ತು ವಿದ್ಯುತ್ ಸರ್ಕೀಟುಗಳ ಮಾತಿನಲ್ಲಿ. ಅಭಿಪ್ರಾಯ ಅನ್ನುವ ಅರ್ಥ ಬಂದದ್ದು ಆಮೇಲೆ. ನಮ್ಮಲ್ಲಿ ಹೆಚ್ಚಿನವರಿಗೆ ಆಮೇಲಿನ ಅರ್ಥವೇ ಮೊದಲು ತಲುಪಿತು. ‘ಹಿಮ್ಮಾಹಿತಿ’ ಅನ್ನುವ ಪದ ಕಟ್ಟಿಕೊಂಡದ್ದೂ ಅದಕ್ಕೇ. ಪಾಠ ಕೇಳಿದ ಮಕ್ಕಳು ಮೇಷ್ಟ್ರಿಗೆ ಹಿಮ್ಮಾಹಿತಿ ಕೊಡಬಹುದು. ಮೈಕ್ ಕೊಡುವುದು ಮಾಹಿತಿ ಅಲ್ಲವೇ ಅಲ್ಲ, ಬರೀ ಕೂಗು. ‘ಪ್ರತಿಕ್ರಿಯೆ’ಗೂ ಇದೇ ತೊಂದರೆ.

ಹಾಗಾದರೆ ‘ಪ್ರತಿಧ್ವನಿ’ ಅಥವಾ ‘ಮಾರ್ದನಿ’ ಅನ್ನೋಣವೇ? ಎರಡನೇ ಕರಡಿನಲ್ಲಿ ಹಾಗೇ ಬರೆದೆ. ‘ಮಾರ್ದನಿ’ ನನಗೆ ತುಂಬ ಇಷ್ಟದ ಪದ. ಆದರೆ ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಮಾರ್ದನಿ ಬರಬೇಕಾದರೆ ಯಾರಾದರೂ ಮಾತಾಡಿರಬೇಕು. ನಾವು ‘ಓ’ ಅಂದರೆ ಅದೂ ‘ಓ’ ಅನ್ನುತ್ತದೆ, ಆಮೇಲೆ ಸಣ್ಣಗಾಗಿ ಅಡಗುತ್ತದೆ. ಈ ಕೂಗಿಗೆ ಯಾರ ಮಾತೂ ಬೇಕಿಲ್ಲ. ಎಲ್ಲರೂ ಬಾಯಿ ಮುಚ್ಚಿ ಕೂತಿದ್ದರೂ ಫ್ಯಾನಿನ ಸದ್ದು, ಕಾಗದ ಸರಿಸಿದ ಸದ್ದು, ಅಷ್ಟೇ ಸಾಕು ಅದಕ್ಕೆ ಶುರುವಾಗಲು. ಶುರುವಾದ ಮೇಲೆ ಅಡಗುವುದೂ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಅದರ ಒಳಗುಟ್ಟು ಇರುವುದೇ ಈ ಬೆಳೆಯುವುದರಲ್ಲಿ. ಮೈಕಿಗೆ ಹೋದ ಸದ್ದು ಆಂಪ್ಲಿಫೈಯರ್, ಸ್ಪೀಕರ್, ಗಾಳಿ ದಾಟಿ ಮತ್ತೆ ಮೈಕಿಗೆ ಬರುವಾಗ ಮೊದಲಿಗಿಂತ ಚಿಕ್ಕದಾಗಿದ್ದರೆ ನಾಲ್ಕಾರು ಸುತ್ತಿನಲ್ಲಿ ತಾನಾಗಿ ಸತ್ತುಹೋಗುತ್ತದೆ. ಮೊದಲಿದ್ದಷ್ಟೇ ಇದ್ದರೆ ನಿಲ್ಲದೆ ನಡೆಯುತ್ತಿರುತ್ತದೆ. ಸ್ವಲ್ಪ ಜಾಸ್ತಿಯಾಗಿದ್ದರೂ ಸಾಕು, ಸುತ್ತು ಸುತ್ತಿಗೂ ಬೆಳೆದು, ಆಂಪ್ಲಿಫೈಯರ್ ಇನ್ನು ಆಗದು ಅನ್ನುವವರೆಗೂ ಹೋಗುತ್ತದೆ. ಇನ್ನೊಂದು ಷರತ್ತೂ ಇದೆ. ಸುತ್ತಿ ಬಂದ ಅಲೆ ಹೊರಡುತ್ತಿರುವ ಅಲೆಯ ಜೊತೆ ಹೆಜ್ಜೆಗೆ ಹೆಜ್ಜೆ ಕೂಡಬೇಕು. ಈ ಎರಡು ಷರತ್ತುಗಳನ್ನು 1921ರಲ್ಲಿ ಬರೆದಿಟ್ಟವರು ಜರ್ಮನಿಯ ಹೈನ್ರಿಕ್ ಬಾರ್ಕ್‌ಹೌಸೆನ್. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಅವರ ಹೆಸರಿನಲ್ಲೇ ಓದುತ್ತಾರೆ.

ಹೆಜ್ಜೆ ಕೂಡುವ ಸ್ವರಗಳು ಕೆಲವೇ ಇರುವುದರಿಂದ ಅದು ಗದ್ದಲವಾಗದೆ ಒಂದೇ ಸ್ವರದಲ್ಲಿ ಕೂಗುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಪೀಕರಿನಿಂದ ಮೈಕಿಗೆ 3.4 ಮೀಟರ್ ದೂರವಿದ್ದರೆ ಅಷ್ಟು ದಾಟಲು 10 ಮಿಲಿಸೆಕೆಂಡ್. ಉಪಕರಣಗಳೊಳಗಿನ ತಡವನ್ನು ಬಿಟ್ಟು ನೋಡಿದರೆ, ಆಗ ಹೆಜ್ಜೆ ಕೂಡುವ ಸ್ವರಗಳು ಸುಮಾರು 100 ಹರ್ಟ್ಸ್‌ಗೊಂದರಂತೆ ಸಾಲಾಗಿ ಸಿಗುತ್ತವೆ. ಅವುಗಳಲ್ಲಿ ಕೋಣೆ, ಮೈಕು, ಸ್ಪೀಕರು ಮೂರೂ ಸೇರಿ ಯಾವುದಕ್ಕೆ ಹೆಚ್ಚು ಒತ್ತು ಕೊಡುತ್ತವೋ ಅದು ಗೆಲ್ಲುತ್ತದೆ. ಮೈಕ್ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಸ್ವರವೂ ಬದಲಾಗುತ್ತದೆ.

ಕನ್ನಡದ ಕಿವಿ ಈ ವ್ಯತ್ಯಾಸವನ್ನು ಮೊದಲೇ ಹಿಡಿದಿದೆ. ದಪ್ಪ ದನಿಯಾದರೆ ‘ಗುಂಯ್’ ಅನ್ನುತ್ತೇವೆ. ಸಣ್ಣ ದನಿಯಾದರೆ ‘ಕುಂಯ್’, ಇನ್ನೂ ಚೂಪಾದರೆ ‘ಕೀಂ’. ಕಿವಿಯ ಮಿಷನ್ ಸಡಿಲವಾಗಿ ಕೂತಾಗ, ಅಥವಾ ಅದರ ಮೇಲೆ ಅಂಗೈ ಇಟ್ಟಾಗ ಬರುವ ಸದ್ದಿಗೆ ‘ಸಿಳ್ಳೆ’ ಅನ್ನುವವರಿದ್ದಾರೆ. ಅದೂ ಇದೇ ಕಥೆ, ಸುತ್ತು ಮಾತ್ರ ಪುಟ್ಟದು. ಅನುಕರಣ ಪದಗಳಲ್ಲಿ ಕನ್ನಡಕ್ಕೆ ಬಡತನವೇ ಇಲ್ಲ. ಆದರೆ ಇವೆಲ್ಲ ಕೇಳಿಸುವುದನ್ನು ಹೇಳುತ್ತವೆ, ಯಾಕೆ ಕೇಳಿಸುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಕೈಪಿಡಿಗೆ ಎರಡೂ ಬೇಕು.

ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ನಾವು ಸಾಮಾನ್ಯವಾಗಿ ಹೇಳುವುದು ‘ಮೈಕ್ ಕೂಗುತ್ತಿದೆ’ ಅಂತ. ಹಾಗೆ ಅಂದ ಕೂಡಲೇ ಕೈಲಿ ಮೈಕ್ ಹಿಡಿದವರು ಏನು ಮಾಡುತ್ತಾರೆ ಗಮನಿಸಿದ್ದೀರಾ? ಅದರ ತಲೆಯನ್ನು ಅಂಗೈಯಿಂದ ಮುಚ್ಚುತ್ತಾರೆ, ಅಳುವ ಮಗುವಿನ ಬಾಯಿ ಮುಚ್ಚಿದ ಹಾಗೆ. ಕೂಗು ಇನ್ನೂ ಜೋರಾಗುತ್ತದೆ. ಭಾಷಣದ ಮೈಕುಗಳಲ್ಲಿ ಬಹಳಷ್ಟು, ಎದುರಿನ ಸದ್ದನ್ನು ಜಾಸ್ತಿ ತೆಗೆದುಕೊಂಡು ಹಿಂದಿನದನ್ನು ಬಿಡುವ ಹಾಗೆ ಮಾಡಿದಂಥವು. ಅದಕ್ಕಾಗಿ ಅವುಗಳ ತಲೆಯ ಹಿಂಬದಿಯಲ್ಲೂ ಸದ್ದು ಒಳಹೋಗುವ ಕಿಂಡಿಗಳಿರುತ್ತವೆ. ಅಂಗೈಯಿಂದ ಆ ಕಿಂಡಿ ಮುಚ್ಚಿದರೆ ಮೈಕಿಗೆ ಹಿಂದು ಮುಂದು ತಿಳಿಯುವುದಿಲ್ಲ. ಎಲ್ಲ ಕಡೆಯ ಸದ್ದೂ ಒಳಗೆ ಬರುತ್ತದೆ.

ತಪ್ಪು ಮೈಕ್ ಹಿಡಿದವರದು ಅಂತ ನನಗೆ ಅನಿಸುವುದಿಲ್ಲ. ‘ಮೈಕ್ ಕೂಗುತ್ತಿದೆ’ ಅನ್ನುವ ಮಾತೇ ಹಾಗೆ ಮಾಡಿಸುತ್ತದೆ. ಮೈಕು ಕಿವಿ, ಸ್ಪೀಕರು ಬಾಯಿ. ಕೂಗುವುದು ಬಾಯಿ. ಆದರೆ ನಮ್ಮ ಮಾತಿನಲ್ಲಿ ಕಿವಿಗೂ ಬಾಯಿಗೂ ಒಂದೇ ಹೆಸರು. ‘ಮೈಕ್ ಹಾಕಿದ್ದಾರೆ, ನಿದ್ದೆ ಬರಲಿಲ್ಲ’ ಅಂದರೆ ಅಲ್ಲಿ ಮೈಕ್ ಅನ್ನುವುದು ಸ್ಪೀಕರು. ‘ಮೈಕ್ ಹಿಡಿದರೆ ಬಿಡುವುದಿಲ್ಲ’ ಅಂದರೆ ಅಲ್ಲಿ ಅದು ಮೈಕೇ. ‘ಧ್ವನಿವರ್ಧಕ’ ಪದ ಇದೆ, ಸರಿ. ಆದರೆ ದನಿ ದೊಡ್ಡದು ಮಾಡುವ ಕೆಲಸ ನಡುವಿನ ಆಂಪ್ಲಿಫೈಯರಿನದು. ನಾವು ಆ ಹೆಸರನ್ನು ಕೊನೆಯ ಸ್ಪೀಕರಿಗೆ ಕೊಟ್ಟಿದ್ದೇವೆ. ಈ ಪದಗಳನ್ನು ಬದಲಾಯಿಸಿ ಅಂತ ಖಂಡಿತ ಹೇಳುತ್ತಿಲ್ಲ, ಜನರ ಬಾಯಲ್ಲಿ ಕೂತ ಪದ ಕೂತೇ ಇರಲಿ. ಹೊಸ ಪದ ಕಟ್ಟುವಾಗ ಈ ಗೊಂದಲಕ್ಕೆ ಇನ್ನಷ್ಟು ಸೇರಿಸಬಾರದು, ಅಷ್ಟೇ.

ಬೇರೆ ಭಾಷೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. ಫ್ರೆಂಚರು ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಅಬ್ಸಲೋನ್ ಲಾರ್ಸೆನ್ (1871–1957) ಅವರ ಹೆಸರನ್ನೇ ಇಟ್ಟುಕೊಂಡು ‘ಲಾರ್ಸೆನ್’ ಅನ್ನುತ್ತಾರೆ. ಜಪಾನಿನವರು ಇಂಗ್ಲಿಷಿನ ಹೌಲಿಂಗ್ ಅನ್ನು ‘ಹೌರಿಂಗು’ ಮಾಡಿಕೊಂಡಿದ್ದಾರೆ. ಪೋರ್ಚುಗೀಸರಲ್ಲಿ ‘ಮೈಕ್ರೊಫೊನಿಯ’, ಅಲ್ಲೂ ಬೈಗುಳ ಮೈಕಿಗೇ. ನನ್ನ ಮನಸ್ಸಿಗೆ ಹಿಡಿಸಿದ್ದು ಎರಡು. ಡಚ್ಚರು ‘ರೊಂಡ್‌ಜಿಂಗೆನ್’ ಅನ್ನುತ್ತಾರೆ, ಅಂದರೆ ಸುತ್ತಿ ಹಾಡುವುದು. ಸ್ವೀಡನ್ನಿನವರು ‘ರುಂಡ್‌ಗೋಂಗ್’ ಅನ್ನುತ್ತಾರೆ, ಸುತ್ತು ನಡಿಗೆ. ಇಬ್ಬರೂ ಹಿಡಿದಿರುವುದು ಸುತ್ತನ್ನು. ಕೂಗು ನಿಲ್ಲಿಸಬೇಕಾದರೆ ಮುರಿಯಬೇಕಾದದ್ದೂ ಸುತ್ತನ್ನೇ ಅಲ್ವಾ?

ಸುತ್ತಿನಿಂದ ಪದ ಕಟ್ಟುವುದು ನಮಗೆ ಹೊಸದಲ್ಲ. ‘ಸುತ್ತೋಲೆ’ಯನ್ನು ಕಚೇರಿಯವರೆಲ್ಲ ಎಷ್ಟು ಸಹಜವಾಗಿ ಬಳಸುತ್ತಾರೆ ನೋಡಿ. ‘ಸುತ್ತುಗೋಡೆ’ ಇದೆ, ‘ಉಗುರುಸುತ್ತು’ ಇದೆ. ಆ ದಾರಿಯಲ್ಲೇ ನಡೆದು ನಾನು ಮೂರು ಪದ ಬರೆದುಕೊಂಡೆ.

ಮೊದಲನೆಯದು ‘ಸುತ್ತುದನಿ’. ಕಿವಿಗೆ ಹಿತವಾಗಿದೆ, ‘ಮಾರ್ದನಿ’ಯ ತಂಗಿಯ ಹಾಗಿದೆ. ಆದರೆ ಸಿನಿಮಾ ಮಂದಿರದಲ್ಲಿ ನಾಲ್ಕೂ ಕಡೆಯಿಂದ ಕೇಳಿಸುವ ಸರೌಂಡ್ ಸೌಂಡಿಗೆ ಯಾರಾದರೂ ಕನ್ನಡ ಪದ ಹುಡುಕಿದರೆ ಮೊದಲು ಕೈ ಹಾಕುವುದು ಇದಕ್ಕೇ. ಅವರಿಗೆ ಬಿಟ್ಟುಕೊಡುವುದು ನ್ಯಾಯ.

ಎರಡನೆಯದು ‘ಸುತ್ತೂಳು’. ಊಳಿಡುವುದು ಅನ್ನುವುದರಲ್ಲಿ ಸಣ್ಣದಾಗಿ ಶುರುವಾಗಿ ಏರುತ್ತ ಹೋಗುವ ಕೂಗು ಚೆನ್ನಾಗಿ ಕಾಣುತ್ತದೆ. ಸುತ್ತೋಲೆಯ ಹಾಗೆ ಸಂಧಿಯೂ ಸರಿಯಾಗಿ ಕೂತಿದೆ. ಆದರೆ ನಾಯಿ ಊಳಿಟ್ಟರೆ ಕೆಟ್ಟದ್ದು ಅನ್ನುವ ಭಾವನೆ ನಮ್ಮ ಹಿರಿಯರ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಅವರಿಗಾಗಿ ಬರೆಯುವ ಪುಸ್ತಕದಲ್ಲಿ ಅದನ್ನು ನೆನಪಿಸಲು ನನಗೆ ಮನಸ್ಸಿಲ್ಲ.

ಮೂರನೆಯದು ‘ಸುತ್ತುಕೂಗು’. ನನ್ನ ಒಲವು ಇದರ ಕಡೆಗೆ. ಸುತ್ತು ಯಾಕೆ ಅಂತ ಹೇಳುತ್ತದೆ, ಕೂಗು ಏನು ಅಂತ ಹೇಳುತ್ತದೆ. ಎರಡೂ ಮಗುವಿಗೂ ಗೊತ್ತಿರುವ ಪದ. ಬರೀ ‘ಸುತ್ತು’ ಅಂದರೆ ಯಾಕೆ ಸಾಲದು ಅಂದರೆ, ಸುತ್ತಿದ್ದದ್ದೆಲ್ಲ ಕೂಗುವುದಿಲ್ಲ. 1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಇದೇ ಸುತ್ತನ್ನು ತಿರುಗುಮುರುಗು ಮಾಡಿ ಬಳಸುವ ದಾರಿ ಕಂಡುಕೊಂಡರು. ಹೊರಗೆ ಬಂದದ್ದರಲ್ಲಿ ಒಂದು ಪಾಲನ್ನು ಒಳಗೆ ಬರುವುದರಿಂದ ಕಳೆಯುವುದು. ಹಾಗೆ ಮಾಡಿದರೆ ಆಂಪ್ಲಿಫೈಯರಿನ ದನಿ ಇನ್ನೂ ಶುದ್ಧವಾಗುತ್ತದೆ. ಇಂಗ್ಲಿಷಿನಲ್ಲಿ ಅದೂ ಫೀಡ್‌ಬ್ಯಾಕೇ. ಒಂದೇ ಪದಕ್ಕೆ ಎಷ್ಟು ಹೊರೆ ನೋಡಿ! ಗಿಟಾರಿನವರು ಬೇಕಂತಲೇ ಆಂಪ್ಲಿಫೈಯರಿನ ಎದುರು ನಿಂತು ತಂತಿಯನ್ನು ಕೂಗಿಸುತ್ತಾರಲ್ಲ, ಅದಕ್ಕೆ ‘ಸುತ್ತುಕೂಗು’ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಬ್ಲ್ಯಾಕ್ ಅವರದಕ್ಕೆ ಬೇರೆ ಪದ ಇರಲಿ.

ಇಲ್ಲೊಂದು ವ್ಯಾಕರಣದ ಅನುಮಾನ. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಆ ಲೆಕ್ಕದಲ್ಲಿ ಇದು ‘ಸುತ್ತುಗೂಗು’ ಆಗಬೇಕೇ? ಹಾಗೆ ಮಾಡಿದರೆ ‘ಕೂಗು’ ಕಣ್ಣಿಗೆ ಕಾಣದೆ ಹೋಗುತ್ತದೆ, ಓದುವವರು ತಡವರಿಸುತ್ತಾರೆ. ಸಂಧಿ ಮಾಡದೆ ಬಿಟ್ಟರೆ ತಪ್ಪಾಗುತ್ತದೆಯೇ? ತಿಳಿದವರು ಹೇಳಬೇಕು.

ಇನ್ನೊಂದು ಪ್ರಶ್ನೆ ಫೋನಿನದು. ಇದು ನಮ್ಮ ಮನೆಯಲ್ಲೇ ಆದದ್ದು. ಒಂದೇ ಕೋಣೆಯಲ್ಲಿ ಇಬ್ಬರು ಎರಡು ಫೋನಿನಿಂದ ಒಂದೇ ಸಭೆಗೆ ಸೇರಿದ್ದೆವು, ಎರಡರಲ್ಲೂ ಸ್ಪೀಕರ್ ಆನ್. ಮೊದಲು ನನ್ನ ಮಾತಿಗೆ ಬಾಲ ಬಂದ ಹಾಗೆ ಕೊನೆಯ ಅಕ್ಷರಗಳು ಮತ್ತೆ ಕೇಳಿಸಿದವು. ಆಮೇಲೆ ಬಾಲಕ್ಕೆ ಬಾಲ ಸೇರಿತು. ನಾಲ್ಕೈದು ಸಲ ಆಗುವಷ್ಟರಲ್ಲಿ ಮಾತು ಕರಗಿ ಬರೀ ಕೂಗು ಉಳಿಯಿತು. ಫೋನಿನೊಳಗೆ ಇದನ್ನು ತಡೆಯುವ ವ್ಯವಸ್ಥೆ ಇದೆ. ತನ್ನ ಸ್ಪೀಕರಿನಿಂದ ಏನು ಹೊರಗೆ ಹೋಯಿತು ಅಂತ ಫೋನಿಗೆ ಗೊತ್ತಿರುತ್ತದೆ. ಮೈಕಿಗೆ ಬಂದದ್ದರಿಂದ ಅಷ್ಟನ್ನು ಕಳೆಯುತ್ತದೆ. ಆದರೆ ಪಕ್ಕದ ಫೋನಿನ ಬಾಯಿಂದ ಏನು ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಯಾರೋ ಆಡಿದ ಹೊಸ ಮಾತು ಅಂತ ತಿಳಿದು ಮತ್ತೆ ಕಳಿಸುತ್ತದೆ. ನೆಟ್‌ವರ್ಕ್ ದಾಟಿ ಬರಲು ಹೊತ್ತು ಹಿಡಿಯುವುದರಿಂದ ಸುತ್ತು ಉದ್ದ. ಅದಕ್ಕೇ ಮೊದಮೊದಲು ಮಾರ್ದನಿಯ ಹಾಗೆ, ಕೊನೆಗೆ ಕೂಗಿನ ಹಾಗೆ ಕೇಳಿಸುತ್ತದೆ.

ಇದರಲ್ಲಿ ಮಾತು ಮಾತಾಗಿಯೇ ಒಂದು ಸಲ ಮರಳಿ ಬಂದರೆ ‘ಮಾರ್ದನಿ’ ಅಂತಲೂ, ಮಾತು ಕಳೆದುಹೋಗಿ ಸ್ವರ ಮಾತ್ರ ಉಳಿದರೆ ‘ಸುತ್ತುಕೂಗು’ ಅಂತಲೂ ಗೆರೆ ಎಳೆದುಕೊಂಡಿದ್ದೇನೆ. ಇದು ಸುಮ್ನೆ ಪದದ ಹಟಕ್ಕೆ ಎಳೆದ ಗೆರೆ ಅಲ್ಲ. ಕರೆಯಲ್ಲಿ ನಮ್ಮ ದನಿ ನಮಗೇ ಮರಳಿ ಕೇಳಿಸಿದರೆ ಸಾಮಾನ್ಯವಾಗಿ ತೊಂದರೆ ಇರುವುದು ಆ ಕಡೆಯವರ ಫೋನಿನಲ್ಲಿ. ಇಲ್ಲಿ ಎಷ್ಟು ಗುಂಡಿ ಒತ್ತಿದರೂ ಪ್ರಯೋಜನವಿಲ್ಲ. ಸುತ್ತುಕೂಗಾದರೆ ಸುತ್ತಿನಲ್ಲಿರುವ ಯಾರು ಬೇಕಾದರೂ ನಿಲ್ಲಿಸಬಹುದು. ಎರಡಕ್ಕೂ ಒಂದೇ ಹೆಸರಿಟ್ಟರೆ ಆ ಹಿರಿಯರು ತಮ್ಮದಲ್ಲದ ತಪ್ಪಿಗೆ ತಮ್ಮ ಫೋನನ್ನೇ ಬೈದುಕೊಳ್ಳುತ್ತಾರೆ. ಅದು ಆಗುವುದನ್ನು ನಾನು ನೋಡಿದ್ದೇನೆ.

ಮೈಕ್ ಸೆಟ್ಟಿನ ಕೆಲಸ ಮಾಡುವವರು, ರೆಕಾರ್ಡಿಂಗ್ ಮಾಡುವವರು ನಮ್ಮಲ್ಲಿದ್ದರೆ ಒಂದು ಮಾತು ಬರೆಯಿರಿ. ನೀವು ನಿಮ್ಮೊಳಗೆ ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನನ್ನುತ್ತೀರಿ? ‘ಕೂಗ್ತಿದೆ’, ‘ಕುಂಯ್ ಅಂತಿದೆ’, ‘ಫೀಡ್‌ಬ್ಯಾಕ್ ಹೊಡೀತಿದೆ’, ಇದಿಷ್ಟು ನನಗೆ ಗೊತ್ತು. ಇವನ್ನು ಬಿಟ್ಟು ನಿಮ್ಮ ಕಡೆ ಬೇರೆ ಮಾತು ಇದ್ದರೆ ನನ್ನ ‘ಸುತ್ತುಕೂಗ’ನ್ನು ಈಗಲೇ ಕೈಬಿಡುತ್ತೇನೆ. ಜನ ಆಡುತ್ತಿರುವ ಪದದ ಮುಂದೆ ನಾನು ಕೂತು ಕಟ್ಟಿದ ಪದ ದೊಡ್ಡದಲ್ಲ.

ಸದ್ಯಕ್ಕೆ ಕೈಪಿಡಿಯ ಆ ಸಾಲುಗಳು ಹೀಗಿವೆ: ‘ಸ್ಪೀಕರ್ ಕುಂಯ್ ಅಂತ ಕೂಗಲು ಶುರುವಾದರೆ ಅದು ಸುತ್ತುಕೂಗು. ಮೈಕನ್ನು ಕೈಯಿಂದ ಮುಚ್ಚಬೇಡಿ. ಮೊದಲು ಸ್ಪೀಕರಿನ ದನಿ ಇಳಿಸಿ. ಒಂದೇ ಕೋಣೆಯಲ್ಲಿ ಎರಡು ಫೋನ್ ಇದ್ದರೆ ಒಂದರ ಮೈಕು, ಸ್ಪೀಕರು ಎರಡನ್ನೂ ಆಫ್ ಮಾಡಿ.’ ದಯವಿಟ್ಟು ಇದನ್ನು ಮನೆಯಲ್ಲಿರುವ ಹಿರಿಯರೊಬ್ಬರಿಗೆ ಏನೂ ವಿವರಿಸದೆ ಒಂದು ಸಲ ಓದಿ ಹೇಳಿ. ಅವರು ಎಲ್ಲಿ ತಡೆದು ‘ಏನಂದೆ?’ ಅಂತ ಕೇಳಿದರು ಅನ್ನುವುದನ್ನು ನನಗೆ ಬರೆಯಿರಿ.