ಮೂರು ಮೀಥೈಲ್ ಇದ್ದರೂ ಟ್ರೈಮೀಥೈಲ್‌ಅಮೀನ್ ಯಾಕೆ ಹಿಂದೆ ಬೀಳುತ್ತದೆ?

ಸೆಕೆಂಡ್‌ಪಿಯು_ಹಾಸನ:
ಎಲ್ಲರಿಗೂ ನಮಸ್ಕಾರ. ಅಮೀನ್ (ಅಮೋನಿಯಾದ ಹೈಡ್ರೋಜನ್ ಜಾಗದಲ್ಲಿ ಮೀಥೈಲ್ ಥರದ ಕಾರ್ಬನ್ ಗುಂಪು ಕೂತ ವಸ್ತು) ಪಾಠದಲ್ಲಿ ಎರಡು ದಿನದಿಂದ ಒಂದೇ ಕಡೆ ನಿಂತಿದ್ದೇನೆ. ಮೀಥೈಲ್ ಗುಂಪು ನೈಟ್ರೋಜನ್ ಕಡೆಗೆ ಎಲೆಕ್ಟ್ರಾನ್ ತಳ್ಳುತ್ತದೆ, ಅದಕ್ಕೇ ಅಮೀನ್ ಅಮೋನಿಯಾಗಿಂತ ಪ್ರಬಲ ಬೇಸ್, ಅಂದರೆ ಪ್ರೋಟಾನ್ ಹಿಡಿಯುವ ಶಕ್ತಿ ಜಾಸ್ತಿ ಅಂತ ಓದಿದೆ. ಹಾಗಾದರೆ ಮೂರು ಮೀಥೈಲ್ ಇದ್ದರೆ ಇನ್ನೂ ಜಾಸ್ತಿ ಆಗಬೇಕು ಅಲ್ವಾ? ಪಿಕೆಬಿ (ಬೇಸ್ ಬಲದ ಅಳತೆ, ಕಡಿಮೆ ಇದ್ದಷ್ಟೂ ಬೇಸ್ ಪ್ರಬಲ) ನೋಡಿದರೆ ಅಮೋನಿಯಾ 4.75, ಮೀಥೈಲ್‌ಅಮೀನ್ 3.38, ಡೈಮೀಥೈಲ್ 3.27, ಟ್ರೈಮೀಥೈಲ್ 4.22. ಅನಿಲೀನ್ ಅಂತೂ 9.38! ಟ್ಯೂಷನ್‌ನಲ್ಲಿ ಕೇಳಿದೆ. ಸುಮ್ನೆ ಬಾಯಿಪಾಠ ಮಾಡು ಅಂದರು. ನನಗೆ ಅರ್ಥ ಆಗಬೇಕು.

ಚಿಕ್ಕಮಗಳೂರು_ಕೆಮಿಸ್ಟ್ರಿ_ಮೇಡಂ:
ಒಳ್ಳೆ ಪ್ರಶ್ನೆ ಮಗು. ಬಾಯಿಪಾಠ ಬೇಡ. ನೀನು ಎಲೆಕ್ಟ್ರಾನ್ ಲೆಕ್ಕ ಹಾಕಿದೆ, ನೀರನ್ನು ಮರೆತೆ.

ನೈಟ್ರೋಜನ್ ಮೇಲಿನ ಬಿಡಿ ಎಲೆಕ್ಟ್ರಾನ್ ಜೋಡಿ ಪ್ರೋಟಾನ್ ಹಿಡಿಯುತ್ತದೆ. ಆಗ ಅದು ಪ್ಲಸ್ ಅಯಾನು ಆಗುತ್ತದೆ. ಆ ಅಯಾನು ಉಳಿಯಲು ನೀರಿನ ಆಸರೆ ಬೇಕು. ನೀರು ಕೈ ಹಿಡಿಯುವುದು ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್ ಮೂಲಕ. ಮೀಥೈಲ್‌ಅಮೀನ್ ಅಯಾನಿನಲ್ಲಿ ಅಂಥವು 3, ಡೈಮೀಥೈಲ್‌ನಲ್ಲಿ 2, ಟ್ರೈಮೀಥೈಲ್‌ನಲ್ಲಿ ಒಂದೇ ಒಂದು. ಅದಕ್ಕೇ ಅದು ಹಿಂದೆ ಬಿತ್ತು. ನೀರಿಲ್ಲದೆ ಅನಿಲ ರೂಪದಲ್ಲಿ ಅಳೆದರೆ ನಿನ್ನ ಲೆಕ್ಕವೇ ಸರಿ, ಟ್ರೈಮೀಥೈಲ್ ಎಲ್ಲಕ್ಕಿಂತ ಮುಂದೆ.

ಇದೇ ಟ್ರೈಮೀಥೈಲ್‌ಅಮೀನ್ ನಮ್ಮ ಅಡುಗೆಮನೆಯಲ್ಲೂ ಇದೆ. ಚಾರ್ಮಾಡಿ ಘಾಟಿ ಹತ್ತಿ ಬರುವ ಬಂಗುಡೆ ಹಳತಾದಷ್ಟೂ ವಾಸನೆ ಜಾಸ್ತಿ, ಆ ವಾಸನೆಯಲ್ಲಿ ಇದರದ್ದೇ ದೊಡ್ಡ ಪಾಲು. ಹುಣಸೆಹುಳಿ ಹಾಕಿದರೆ ಅಮೀನ್ ಆಮ್ಲದ ಜೊತೆ ಸೇರಿ ಲವಣವಾಗುತ್ತದೆ. ಲವಣ ಗಾಳಿಗೆ ಹಾರುವುದಿಲ್ಲ, ಮೂಗಿಗೆ ಬರುವುದಿಲ್ಲ. ನಮ್ಮ ಅಮ್ಮ ಇದನ್ನು ಪಿಕೆಬಿ ಇಲ್ಲದೆ ಮಾಡುತ್ತಿದ್ದರು.

ಅನಿಲೀನ್‌ನಲ್ಲಿ ಆ ಜೋಡಿ ಬೆಂಜೀನ್ ಉಂಗುರದ ಕಡೆ ಹಂಚಿಹೋಗಿರುತ್ತದೆ. ಪ್ರೋಟಾನ್ ಹಿಡಿಯಲು ಸುಲಭಕ್ಕೆ ಸಿಗುವುದಿಲ್ಲ. ಆದರೂ ಬೇಸ್ ಹೌದು. ಲ್ಯಾಬ್‌ನಲ್ಲಿ ನೀರಿನ ತಳದಲ್ಲಿ ಎಣ್ಣೆ ಹಾಗೆ ಕೂತ ಅನಿಲೀನ್‌ಗೆ ಎಚ್‌ಸಿಎಲ್ ಹಾಕಿ ನೋಡು, ಕರಗಿಹೋಗುತ್ತದೆ. ಕಾಸ್ಟಿಕ್ ಸೋಡಾ ಹಾಕು, ಎಣ್ಣೆ ಮತ್ತೆ ಬರುತ್ತದೆ. ಮೂವತ್ತು ವರ್ಷ ತೋರಿಸಿದ್ದೇನೆ, ಪ್ರತಿಸಲವೂ ಮಕ್ಕಳ ಕಣ್ಣು ಅರಳುತ್ತಿತ್ತು.

ಸಕಲೇಶಪುರ_ಬಿಎಸ್ಸಿ:
ಮೇಡಂ, ಒಂದು ಮಾತು ಸೇರಿಸಲಾ? ಈಥೈಲ್‌ನಲ್ಲಿ ಇದೇ ಕ್ರಮ ಅಂದುಕೊಳ್ಳಬೇಡ ತಂಗಿ. ಡೈಈಥೈಲ್ 3.00, ಟ್ರೈಈಥೈಲ್ 3.25, ಈಥೈಲ್‌ಅಮೀನ್ 3.29. ಪರೀಕ್ಷೆಯಲ್ಲಿ ನಾನು ಇಲ್ಲೇ ಎಡವಿದ್ದೆ.

ಸೆಕೆಂಡ್‌ಪಿಯು_ಹಾಸನ:
ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ! ಈಗ ಹೊಳೆಯಿತು. ಇನ್ನೊಂದೇ ಒಂದು. ನೈಟ್ರೋಬೆಂಜೀನ್‌ನಿಂದ ಅನಿಲೀನ್ ಮಾಡಲು ತವರಕ್ಕಿಂತ ಕಬ್ಬಿಣದ ಚೂರೇ ಮೇಲು ಅಂತಾರಲ್ಲ, ಯಾಕೆ?

ಚಿಕ್ಕಮಗಳೂರು_ಕೆಮಿಸ್ಟ್ರಿ_ಮೇಡಂ:
ಕಬ್ಬಿಣ ಎಚ್‌ಸಿಎಲ್ ಜೊತೆ ಸೇರಿ ಆಗುವ ಫೆರಸ್ ಕ್ಲೋರೈಡ್ ನೀರಿನಲ್ಲಿ ಒಡೆದು ಎಚ್‌ಸಿಎಲ್ ಅನ್ನು ವಾಪಸ್ ಕೊಡುತ್ತದೆ ಮಗು. ಶುರು ಮಾಡಲು ಸ್ವಲ್ಪ ಆಮ್ಲ ಹಾಕಿದರೆ ಸಾಕು.