‘ಮೀಸಲು’ ಎಂದರೆ ಯಾವುದಕ್ಕೆ ಮೀಸಲು? ಅಲಾಸ್ಕದ ತೈಲ ವಿವಾದದ ಕೆಲವು ಪದಗಳನ್ನು ಕುರಿತು

ಪದಚರ್ಚೆಯ ಎಲ್ಲ ಸದಸ್ಯರಿಗೂ ನಮಸ್ಕಾರ.

ಅಲಾಸ್ಕದ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ಸಾಗರದ ಅಂಚಿನಲ್ಲಿ, ತೈಲ ತೆಗೆಯುವ ವಿಚಾರವಾಗಿ ಆ ರಾಜ್ಯಕ್ಕೂ ವಾಷಿಂಗ್ಟನ್ನಿನ ಸರ್ಕಾರಕ್ಕೂ ದಶಕಗಳಿಂದ ನಡೆದುಬಂದಿರುವ ಜಗಳವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅರ್ಧ ಮುಗಿದ ಮೇಲೆ ಹಿಂದಿರುಗಿ ಓದಿದಾಗ ಒಂದು ಎಡವಟ್ಟು ಕಣ್ಣಿಗೆ ಬಿತ್ತು. ಮೂಲದಲ್ಲಿ ಒಂದು ಕಡೆ ‘ರೆಫ್ಯೂಜ್’ ಎಂದಿದೆ, ಇನ್ನೊಂದು ಕಡೆ ‘ರಿಸರ್ವ್’ ಎಂದಿದೆ. ನಾನು ಎರಡಕ್ಕೂ ‘ಮೀಸಲು ಪ್ರದೇಶ’ ಎಂದು ಬರೆದು ಮುಂದೆ ಹೋಗಿದ್ದೆ. ಇದರಿಂದಾಗಿ ನಕ್ಷೆಯಲ್ಲಿ ಬೇರೆ ಬೇರೆಯಾಗಿರುವ ಎರಡು ನೆಲಗಳು ನನ್ನ ಅನುವಾದದಲ್ಲಿ ಒಂದೇ ಆಗಿಹೋಗಿದ್ದವು.

ನಕ್ಷೆಯನ್ನು ಮಾತಿನಲ್ಲಿ ಹೇಳುವುದಾದರೆ ಹೀಗಿದೆ. ನಡುವೆ, ಕಾಲ್ವಿಲ್ ಮತ್ತು ಕ್ಯಾನಿಂಗ್ ಎಂಬ ಎರಡು ನದಿಗಳ ಮಧ್ಯೆ, ಅಲಾಸ್ಕ ರಾಜ್ಯಕ್ಕೆ ಸೇರಿದ ನೆಲವಿದೆ. 1968ರಲ್ಲಿ ತೈಲ ಸಿಕ್ಕಿದ ಪ್ರುಡೋ ಕೊಲ್ಲಿ ಇರುವುದು ಅಲ್ಲಿಯೇ. ಅದರ ಪಶ್ಚಿಮಕ್ಕೆ ಸುಮಾರು 2.3 ಕೋಟಿ ಎಕರೆಯ ‘ನ್ಯಾಷನಲ್ ಪೆಟ್ರೋಲಿಯಂ ರಿಸರ್ವ್’ ಇದೆ. ಪೂರ್ವಕ್ಕೆ ಸುಮಾರು 1.9 ಕೋಟಿ ಎಕರೆಯ ‘ಆರ್ಕ್ಟಿಕ್ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್’ ಇದೆ. ಪಶ್ಚಿಮದ ನೆಲವನ್ನು 1923ರಲ್ಲಿ ಅಧ್ಯಕ್ಷ ಹಾರ್ಡಿಂಗ್ ತಮ್ಮ ನೌಕಾಪಡೆಗೆ ಮುಂದೆ ಬೇಕಾದೀತೆಂದು ತೈಲಕ್ಕಾಗಿಯೇ ತೆಗೆದಿಟ್ಟರು. ಪೂರ್ವದ ನೆಲವನ್ನು 1960ರಲ್ಲಿ, ಐಸೆನ್‌ಹೋವರ್ ಅವರ ಅಧಿಕಾರದ ಕೊನೆಯ ದಿನಗಳಲ್ಲಿ, ಪ್ರಾಣಿಗಳಿಗಾಗಿ ತೆಗೆದಿಟ್ಟರು. ಎರಡನ್ನೂ ನಾವು ‘ಮೀಸಲು’ ಎಂದರೆ, 2023ರಲ್ಲಿ ಪಶ್ಚಿಮದ ನೆಲದಲ್ಲಿ ವಿಲೋ ಎಂಬ ತೈಲ ಯೋಜನೆಗೆ ಒಪ್ಪಿಗೆ ಸಿಕ್ಕಿದ ಸುದ್ದಿಯನ್ನು ಓದಿದ ಕನ್ನಡಿಗರು ಪೂರ್ವದ ಪ್ರಾಣಿಗಳ ನೆಲವೇ ಹೋಯಿತೆಂದು ತಿಳಿಯುತ್ತಾರೆ. ಹಾಗೆ ತಿಳಿದವರನ್ನು ನಾನು ಕಂಡಿದ್ದೇನೆ, ಸ್ವಲ್ಪ ಕಾಲ ನಾನೂ ಹಾಗೆಯೇ ತಿಳಿದಿದ್ದೆ.

ತಪ್ಪು ‘ಮೀಸಲು’ ಎಂಬ ಪದದ್ದಲ್ಲ, ಅದನ್ನು ನಾವು ಬಳಸುತ್ತಿರುವ ರೀತಿಯದು. ಕನ್ನಡದ ಸಹಜ ಬಳಕೆಯಲ್ಲಿ ಈ ಪದ ‘ಗೆ’ ಹಚ್ಚುವ ಚತುರ್ಥಿ ವಿಭಕ್ತಿಯನ್ನು ಕೇಳುತ್ತದೆ. ದೇವರಿಗೆ ಮೀಸಲು, ಗುರುವಿಗೆ ಮೀಸಲು, ಮಹಿಳೆಯರಿಗೆ ಮೀಸಲಾದ ಆಸನ. ಮೀಸಲು ಹಾಲು ತೆಗೆದಿಡುವ ಮನೆಯಲ್ಲಿ ಯಾವ ದೇವರಿಗೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುತ್ತದೆ. ಆ ‘ಗೆ’ ಪ್ರತ್ಯಯವನ್ನು ಕಿತ್ತುಹಾಕಿದ್ದು ಆಡಳಿತದ ಕನ್ನಡ. ‘ಮೀಸಲು ಅರಣ್ಯ’ ಎಂಬುದನ್ನೇ ನೋಡಿ. ಯಾರಿಗೆ ಮೀಸಲು? ಇಂದಿನ ಓದುಗ ಆನೆಗೆ, ಹುಲಿಗೆ ಎಂದಾನು. 1878ರ ಅರಣ್ಯ ಕಾಯಿದೆ ಕಾಡನ್ನು ಮೀಸಲು ಮಾಡಿದ್ದು ಸರ್ಕಾರದ ಮರಮಟ್ಟಿಗೆ. ಈ ದೃಷ್ಟಿಯಿಂದ ಅಲಾಸ್ಕದ ಪೆಟ್ರೋಲಿಯಂ ರಿಸರ್ವ್ ನಮ್ಮ ಹಳೆಯ ಮೀಸಲು ಅರಣ್ಯಕ್ಕೆ ಹತ್ತಿರದ ನೆಂಟ. ಆದುದರಿಂದ ಪಶ್ಚಿಮದ ನೆಲಕ್ಕೆ ‘ತೈಲಕ್ಕೆ ಮೀಸಲಾದ ನೆಲ’ ಎಂದು, ಉದ್ದವಾದರೂ ಚಿಂತೆಯಿಲ್ಲವೆಂದು, ಬಿಡಿಸಿ ಬರೆಯಲು ತೀರ್ಮಾನಿಸಿದ್ದೇನೆ.

ಪೂರ್ವದ ನೆಲಕ್ಕೆ ಏನೆನ್ನಬೇಕು? ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಅಭಯಾರಣ್ಯ’. ‘ಅಭಯ’ ಎಂಬ ಮೊದಲ ಭಾಗ ರೆಫ್ಯೂಜ್ ಎಂಬುದಕ್ಕೆ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅಭಯದಲ್ಲಿ ಕೊಡುವವನೊಬ್ಬ, ಪಡೆಯುವವನೊಬ್ಬ ಇದ್ದೇ ಇರುತ್ತಾರೆ. ತೊಂದರೆ ಬರುವುದು ‘ಅರಣ್ಯ’ದಲ್ಲಿ. ವಿವಾದವಿರುವ ಕರಾವಳಿಯ ಬಯಲು ಮರವೇ ಇಲ್ಲದ ಟಂಡ್ರಾ. ಹುಲ್ಲು, ಪಾಚಿ, ಮೊಣಕಾಲೆತ್ತರದ ಕುರುಚಲು, ಅಡಿಯಲ್ಲಿ ವರ್ಷವಿಡೀ ಕರಗದ ಹೆಪ್ಪುನೆಲ. ಅಲ್ಲಿ ಅರಣ್ಯವೆಂದು ಬರೆದರೆ ನಾಗರಹೊಳೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಓದುಗನಿಗೆ ಚಿತ್ರವೇ ತಪ್ಪುತ್ತದೆ. ‘ವನ್ಯಜೀವಿಧಾಮ’ ಎಂಬುದರಲ್ಲಿಯೂ ವನ ಅಡಗಿದೆಯಾದರೂ, ‘ವನ್ಯ’ ಎಂಬುದು ಇಂದು ‘ಸಾಕಿದ್ದಲ್ಲದ’ ಎಂಬ ಅರ್ಥಕ್ಕೆ ತಿರುಗಿರುವುದರಿಂದ ಅದು ಅಷ್ಟು ಕಾಡುವುದಿಲ್ಲ. ‘ಧಾಮ’ ರಂಗನತಿಟ್ಟಿನ ಪಕ್ಷಿಧಾಮದಿಂದ ನಮಗೆ ಪರಿಚಿತವಾದ ಪದ. ಸದ್ಯಕ್ಕೆ ‘ಆರ್ಕ್ಟಿಕ್ ವನ್ಯಜೀವಿಧಾಮ’ ಎಂದು ಇಟ್ಟುಕೊಂಡಿದ್ದೇನೆ.

ಇನ್ನೊಂದು ತೊಡಕಿದೆ. 1960ರಲ್ಲಿ ಆ ನೆಲಕ್ಕೆ ಇಟ್ಟ ಹೆಸರಿನಲ್ಲಿ ಇದ್ದದ್ದು ‘ರೆಫ್ಯೂಜ್’ ಅಲ್ಲ, ‘ರೇಂಜ್’. 1980ರ ಡಿಸೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಅಲಾಸ್ಕ ಭೂಸಂರಕ್ಷಣಾ ಕಾಯಿದೆ ಅದರ ವಿಸ್ತಾರವನ್ನು ಇಮ್ಮಡಿಗೂ ಹೆಚ್ಚು ಮಾಡಿ ಹೆಸರನ್ನೂ ಬದಲಿಸಿತು. ನಮ್ಮ ಅರಣ್ಯ ಇಲಾಖೆಯಲ್ಲಿ ರೇಂಜ್ ಎಂದರೆ ‘ವಲಯ’, ವಲಯ ಅರಣ್ಯಾಧಿಕಾರಿಯ ವಲಯ. ಇಲ್ಲಿ ಅದನ್ನು ಬಳಸುವಂತಿಲ್ಲ. ಇಲ್ಲಿ ರೇಂಜ್ ಎಂದರೆ ಹಿಂಡು ಮೇಯುತ್ತ ತಿರುಗಾಡುವ ನೆಲ. ಈ ಹಳೆಯ ಹೆಸರಿಗಾಗಿ ಒಂದು ಪದ ಹುಡುಕುತ್ತಿದ್ದೇನೆ, ಅದನ್ನು ಕೊನೆಯಲ್ಲಿ ಕೇಳುತ್ತೇನೆ.

‘ಸಂರಕ್ಷಿತ’ ಎಂಬ ವಿಶೇಷಣದ ಬಗ್ಗೆಯೂ ಎಚ್ಚರ ಬೇಕಾಗಿದೆ. 1980ರ ಕಾಯಿದೆ ಧಾಮದ ಸುಮಾರು 80 ಲಕ್ಷ ಎಕರೆಯನ್ನು ಮನುಷ್ಯರ ಕೈ ಸೋಕದ ನೆಲವೆಂದು ಕಟ್ಟುನಿಟ್ಟಾಗಿ ಕಾದಿಟ್ಟಿತು. ಆದರೆ ತೈಲವಿರಬಹುದಾದ ಕರಾವಳಿಯ ಸುಮಾರು 15 ಲಕ್ಷ ಎಕರೆಯನ್ನು ಮಾತ್ರ ಹಾಗೆ ಮಾಡದೆ, ಸೆಕ್ಷನ್ 1002ರಲ್ಲಿ ಅದರ ಅಧ್ಯಯನ ನಡೆಯಲಿ ಎಂದಿತು, ಮರು ಸೆಕ್ಷನ್ನಿನಲ್ಲಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಒಪ್ಪಿಗೆಯಿಲ್ಲದೆ ಅಲ್ಲಿ ತೈಲ ತೆಗೆಯಕೂಡದು ಎಂದಿತು. ಅಂದರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಕಾಂಗ್ರೆಸ್ಸಿನ ಮೇಜಿನ ಮೇಲೆ ಇಟ್ಟಂತಾಯಿತು. ಈ ತುಂಡು ನೆಲಕ್ಕೆ ಅಲ್ಲಿಯವರು ಇಂದಿಗೂ ಸೆಕ್ಷನ್ನಿನ ಸಂಖ್ಯೆಯನ್ನೇ ಹೆಸರಾಗಿ ಬಳಸುತ್ತಾರೆ. ಮಲೆನಾಡಿನಲ್ಲಿ ‘ಅದು ಸೆಕ್ಷನ್ ನಾಲ್ಕರ ಜಾಗ’ ಎಂದು ರೈತರು ಹೇಳುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸದು, ಆದ್ದರಿಂದ ‘ಸಾವಿರದ ಎರಡರ ಪ್ರದೇಶ’ ಎಂದು ಹಾಗೆಯೇ ಉಳಿಸಿದ್ದೇನೆ. ಅಧ್ಯಯನದ ಅವಧಿ ಯಾವಾಗ ಮುಗಿಯಿತು ಎಂಬುದರ ಮೇಲೆಯೇ ಒಂದು ಮೊಕದ್ದಮೆ ನಡೆದಿದೆ. ತಾನು ಹೊಸದಾಗಿ ಶೋಧ ನಡೆಸುತ್ತೇನೆಂದು ರಾಜ್ಯ 2013ರಲ್ಲಿ ಯೋಜನೆ ಸಲ್ಲಿಸಿತು. ಆ ಅವಕಾಶ 1987ಕ್ಕೇ ಮುಗಿದಿದೆ ಎಂದು ವಾಷಿಂಗ್ಟನ್ ಹೇಳಿತು. 2015ರಲ್ಲಿ ನ್ಯಾಯಾಧೀಶೆ ಶರಾನ್ ಗ್ಲೀಸನ್ ವಾಷಿಂಗ್ಟನ್ನಿನ ಓದನ್ನು ಒಪ್ಪಿದರು. ಹೀಗಿರುವಾಗ ‘ಸಂರಕ್ಷಿತ ಪ್ರದೇಶದಲ್ಲಿ ತೈಲ’ ಎಂದು ತಲೆಬರಹ ಕೊಟ್ಟರೆ, ಎಷ್ಟು ಸಂರಕ್ಷಿತ ಎಂಬ ಜಗಳದಲ್ಲಿ ಅನುವಾದಕನೇ ತೀರ್ಪು ಕೊಟ್ಟಂತೆ ಆಗುವುದಿಲ್ಲವೇ?

ಇನ್ನು ‘ಕೇಂದ್ರ’. ಫೆಡರಲ್ ಸರ್ಕಾರಕ್ಕೆ ‘ಕೇಂದ್ರ ಸರ್ಕಾರ’ ಎಂದರೆ ಸುಲಭವಾಗಿ ತಿಳಿಯುತ್ತದೆ, ‘ಒಕ್ಕೂಟ ಸರ್ಕಾರ’ ಎಂದರೆ ಹೆಚ್ಚು ಸರಿ. ಈ ಚರ್ಚೆ ಇಲ್ಲಿ ಹಿಂದೆಯೂ ಆಗಿರುವುದರಿಂದ ಮತ್ತೆ ಎತ್ತುವುದಿಲ್ಲ. ನನ್ನ ಕಷ್ಟ ‘ಸರ್ಕಾರಿ ಭೂಮಿ’ ಎಂಬುದರಲ್ಲಿದೆ. ಕರ್ನಾಟಕದವರಿಗೆ ಸರ್ಕಾರಿ ಜಮೀನು ಎಂದರೆ ರಾಜ್ಯ ಸರ್ಕಾರದ ಜಮೀನು. ಕಾಡು ಕೂಡ ರಾಜ್ಯದ್ದೇ, ಅದನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರದ ಅನುಮತಿ ಬೇಕು ಅಷ್ಟೆ. ಅಲಾಸ್ಕದಲ್ಲಿ ನೆಲದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ವಾಷಿಂಗ್ಟನ್ನೇ ಒಡೆಯ. 1959ರಲ್ಲಿ ರಾಜ್ಯವಾದಾಗ ಅಲಾಸ್ಕಕ್ಕೆ ಸುಮಾರು 10.4 ಕೋಟಿ ಎಕರೆಯನ್ನು ಆರಿಸಿಕೊಳ್ಳುವ ಹಕ್ಕು ಸಿಕ್ಕಿತು; ಆರಿಸಿಕೊಂಡವುಗಳಲ್ಲಿ ಪ್ರುಡೋ ಕೊಲ್ಲಿಯೂ ಒಂದಾಗಿ ರಾಜ್ಯದ ಬೊಕ್ಕಸ ತುಂಬಿತು. ಧಾಮ ಮಾತ್ರ ವಾಷಿಂಗ್ಟನ್ನಿನದಾಗಿಯೇ ಉಳಿಯಿತು. ಈ ಹಿನ್ನೆಲೆ ಹೇಳದೆ ‘ಕೇಂದ್ರ–ರಾಜ್ಯ ಸಂಘರ್ಷ’ ಎಂದರೆ, ರಾಜ್ಯದ ನೆಲಕ್ಕೆ ಕೇಂದ್ರ ಕೈಹಾಕಿದೆ ಎಂದು ನಮ್ಮವರು ಓದಿಕೊಳ್ಳುತ್ತಾರೆ. ನಿಜ ಅದಕ್ಕೆ ತಿರುವುಮುರುವು. ಅದೂ ಅಲ್ಲದೆ, ಜಗಳ ಯಾವಾಗಲೂ ಒಂದೇ ರೀತಿಯಲ್ಲಿ ಇಲ್ಲ. ಅಧ್ಯಕ್ಷರು ಬದಲಾದಂತೆ ವಾಷಿಂಗ್ಟನ್ ತೈಲದ ಪರ ವಿರೋಧ ಎರಡೂ ಆಗಿದೆ, ರಾಜ್ಯದ ಆಡಳಿತ ಮಾತ್ರ ಬಹುಮಟ್ಟಿಗೆ ತೈಲದ ಪರವಾಗಿಯೇ ನಿಂತಿದೆ. 2025ರಿಂದ ಎರಡೂ ಸರ್ಕಾರಗಳು ಒಂದೇ ಕಡೆ ಇರುವುದರಿಂದ, ಈಗಿನ ಸ್ಥಿತಿಗೆ ‘ಸಂಘರ್ಷ’ ಎನ್ನಲು ನನಗೆ ಮನಸ್ಸಿಲ್ಲ.

ಒಂದು ಉಪಕಥೆ. ಈ ನೆಲವನ್ನು ನೋಡಿಕೊಳ್ಳುವ ಇಲಾಖೆಗೆ ಅಮೆರಿಕದಲ್ಲಿ ‘ಇಂಟೀರಿಯರ್’ ಎಂದು ಹೆಸರು. ನಿಘಂಟು ಹಿಡಿದು ‘ಒಳಾಡಳಿತ ಇಲಾಖೆ’ ಎಂದು ಬರೆದರೆ ಕನ್ನಡದಲ್ಲಿ ಪೊಲೀಸರು ಬಂದು ನಿಲ್ಲುತ್ತಾರೆ, ಏಕೆಂದರೆ ನಮ್ಮಲ್ಲಿ ಅದು ಗೃಹ ಇಲಾಖೆಯ ಹೆಸರು. ಅಲ್ಲಿಯ ಇಲಾಖೆ ನೋಡಿಕೊಳ್ಳುವುದು ಭೂಮಿ, ಖನಿಜ, ಉದ್ಯಾನ, ವನ್ಯಜೀವಿಗಳನ್ನು. ಮೊದಲ ಸಲ ವಿವರಿಸಿ, ಆಮೇಲೆ ‘ಇಂಟೀರಿಯರ್ ಇಲಾಖೆ’ ಎಂದೇ ಬಿಡುವುದು ಲೇಸು ಎಂದುಕೊಂಡಿದ್ದೇನೆ.

‘ಲೀಸ್’ ಎಂಬುದಕ್ಕೆ ‘ಗುತ್ತಿಗೆ’ ಸರಿಯಾದ ಪದ, ಬಳ್ಳಾರಿಯ ಗಣಿ ಗುತ್ತಿಗೆಗಳ ಪುಣ್ಯದಿಂದ ಎಲ್ಲರಿಗೂ ಪರಿಚಿತವೂ ಹೌದು. (‘ಭೋಗ್ಯ’ ಎಂದರೆ ಬೆಂಗಳೂರಿಗರು ಬಾಡಿಗೆಯಿಲ್ಲದ ಮನೆಯ ಇಡಿಗಂಟು ಎಂದುಕೊಳ್ಳುತ್ತಾರೆ.) ಆದರೆ ಗುತ್ತಿಗೆ ಪಡೆದವರನ್ನು ‘ಗುತ್ತಿಗೆದಾರ’ ಎನ್ನುವಂತಿಲ್ಲ, ಅದು ರಸ್ತೆಗೆ ಡಾಂಬರು ಹಾಕಿಸುವವನ ಹೆಸರಾಗಿಬಿಟ್ಟಿದೆ. ಇಲ್ಲಿ ಗುತ್ತಿಗೆ ಪಡೆದವರು ಯಾರೆಂಬುದೇ ಕಥೆಯ ಸ್ವಾರಸ್ಯ. 2017ರ ತೆರಿಗೆ ಕಾಯಿದೆಯ ಒಡಲಿನಲ್ಲಿ ಕರಾವಳಿ ಬಯಲನ್ನು ತೈಲಕ್ಕೆ ತೆರೆದು, ಬರುವ ಹಣದಲ್ಲಿ ಅರ್ಧವನ್ನು ರಾಜ್ಯಕ್ಕೆ ಕೊಡಬೇಕೆಂದು ಬರೆದರು. 2021ರ ಜನವರಿ 6ರಂದು ಮೊದಲ ಹರಾಜು ನಡೆದಾಗ ದೊಡ್ಡ ತೈಲ ಕಂಪನಿಗಳು ಯಾವುವೂ ಕೂಗಲಿಲ್ಲ. ಹೆಚ್ಚಿನ ತುಂಡುಗಳನ್ನು ಹಿಡಿದದ್ದು ರಾಜ್ಯದ್ದೇ ಆದ ಕೈಗಾರಿಕಾಭಿವೃದ್ಧಿ ನಿಗಮ. ಒಟ್ಟು ಬಂದದ್ದು ಸುಮಾರು 1.44 ಕೋಟಿ ಡಾಲರ್. ಹೀಗೆ ರಾಜ್ಯವೇ ವಾಷಿಂಗ್ಟನ್ನಿನಿಂದ ನೆಲವನ್ನು ಗುತ್ತಿಗೆಗೆ ಹಿಡಿದಂತಾಯಿತು. ಮುಂದೆ ಬೈಡನ್ ಆಡಳಿತ ಆ ಗುತ್ತಿಗೆಗಳನ್ನು ಮೊದಲು ‘ಅಮಾನತಿನಲ್ಲಿ’ ಇಟ್ಟು, 2023ರ ಸೆಪ್ಟೆಂಬರಿನಲ್ಲಿ ಉಳಿದ ಏಳನ್ನೂ ‘ರದ್ದು’ ಮಾಡಿತು. ನ್ಯಾಯಾಲಯದ ಆದೇಶವಿಲ್ಲದೆ ರದ್ದು ಮಾಡುವ ಅಧಿಕಾರ ಇಲಾಖೆಗೆ ಇರಲಿಲ್ಲವೆಂದು 2025ರ ಮಾರ್ಚಿನಲ್ಲಿ ಅದೇ ಗ್ಲೀಸನ್ ತೀರ್ಪಿತ್ತರು. ಅಮಾನತು, ರದ್ದು, ಅಸಿಂಧು ಎಂಬ ನಮ್ಮ ಕಚೇರಿಯ ಪದಗಳು ಇಲ್ಲಿ ಮೂಲದ ಸೂಕ್ಷ್ಮವನ್ನು ಹಾಗೆಯೇ ಹಿಡಿಯುತ್ತವೆ, ಇದು ನನಗೆ ಸಂತೋಷ ಕೊಟ್ಟ ಒಂದೇ ಪುಟ. ‘ರಾಯಲ್ಟಿ’ಗೆ ‘ರಾಜಧನ’ ಎಂದಿದ್ದೇನೆ. ರಾಜನಿಲ್ಲದ ದೇಶಕ್ಕೂ ಅದು ಸಲ್ಲಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕಳೆದದ್ದು ‘ದಡ’ದ ಮೇಲೆ. 1960ರ ಆದೇಶ ಧಾಮದ ಪಶ್ಚಿಮ ಎಲ್ಲೆಯನ್ನು ಕ್ಯಾನಿಂಗ್ ನದಿಯ ‘ತೀರಾ ಪಶ್ಚಿಮದ ದಡ’ ಎಂದು ಹೇಳುತ್ತದೆ. ನದಿ ಸಾಗರ ಸೇರುವ ಮುನ್ನ ಹಲವು ಕವಲಾಗುತ್ತದೆ. ಪಶ್ಚಿಮದ ಕವಲಿಗೆ ಸ್ಟೇನ್ಸ್ ಎಂಬ ಬೇರೆಯದೇ ಹೆಸರಿದೆ. ಸ್ಟೇನ್ಸ್ ಬೇರೆ ನದಿ, ಆದ್ದರಿಂದ ಎಲ್ಲೆ ಕ್ಯಾನಿಂಗ್‌ನ ದಡದಲ್ಲಿಯೇ ನಿಲ್ಲುತ್ತದೆ ಎಂಬುದು ರಾಜ್ಯದ ವಾದ. ‘ತೀರಾ ಪಶ್ಚಿಮ’ ಎಂದ ಮೇಲೆ ಸ್ಟೇನ್ಸ್‌ವರೆಗೂ ಧಾಮವೇ ಎಂಬುದು ವಾಷಿಂಗ್ಟನ್ನಿನ ವಾದ. ನಡುವೆ ಸಿಕ್ಕಿರುವುದು ಸುಮಾರು 20,000 ಎಕರೆ. ಒಂದು ವಿಶೇಷಣ ಅಷ್ಟು ನೆಲವನ್ನು ಹಿಡಿದು ನಿಂತಿದೆ. ಇಲ್ಲಿ ‘ತೀರ’ ಎಂದು ಬರೆದರೆ ಕಡಲತೀರ ನೆನಪಾಗುತ್ತದೆ, ‘ತೀರಾ’ ಎಂಬ ಅವ್ಯಯದ ಜೊತೆಗೆ ಕಿವಿಗೆ ಗೊಂದಲವೂ ಆಗುತ್ತದೆ. ತುಂಗಭದ್ರೆಯ ಕಾಲುವೆಗಳಿಗೆ ಹೇಳುವಂತೆ ‘ಎಡದಂಡೆ’ ಎನ್ನಬಹುದಿತ್ತು, ಏಕೆಂದರೆ ನದಿ ಉತ್ತರಕ್ಕೆ ಹರಿಯುವುದರಿಂದ ಪಶ್ಚಿಮವೇ ಅದರ ಎಡ. ಆದರೆ ಹಾಗೆಂದರೆ ‘ತೀರಾ’ ಎಂಬುದು ಜಾರಿಹೋಗುತ್ತದೆ, ಮೊಕದ್ದಮೆಯೂ ಅದರ ಜೊತೆ ಜಾರುತ್ತದೆ. ‘ಎಲ್ಲಕ್ಕಿಂತ ಪಶ್ಚಿಮದಲ್ಲಿರುವ ದಡ’ ಎಂದರೆ ದಡಗಳು ಹಲವು ಎಂದು ಮೊದಲೇ ಒಪ್ಪಿಕೊಂಡು ವಾಷಿಂಗ್ಟನ್ನಿನ ಪರ ವಾಲಿದಂತೆ. ‘ಪಶ್ಚಿಮ ದಡದ ಕಟ್ಟಕಡೆಯ ಅಂಚು’ ಎಂದರೆ ದಡ ಒಂದೇ ಆಗಿ ರಾಜ್ಯದ ಪರ ವಾಲಿದಂತೆ. ಎರಡು ಓದಿಗೂ ಎಡೆಕೊಡುವ ಪದಜೋಡಣೆ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಕೊನೆಗೆ ನಾನು ತಡೆಹಿಡಿದ ಪ್ರಶ್ನೆ. ಆ ಬಯಲಿಗೆ ಪ್ರತಿ ಬೇಸಿಗೆಯ ಆರಂಭದಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗಗಳ ದೊಡ್ಡ ಹಿಂಡೊಂದು ಮರಿಹಾಕಲು ಬರುತ್ತದೆ. (ಪೋರ್ಕುಪೈನ್ ಎಂಬ ನದಿಯಿಂದ ಅದಕ್ಕೆ ‘ಪೋರ್ಕುಪೈನ್ ಹಿಂಡು’ ಎಂದು ಹೆಸರು, ಅದನ್ನು ‘ಮುಳ್ಳುಹಂದಿ ಹಿಂಡು’ ಎಂದು ಅನುವಾದಿಸಿದ್ದನ್ನು ಓದಿ ನಕ್ಕಿದ್ದೇನೆ.) ಆ ಹಿಂಡನ್ನು ನೆಚ್ಚಿ ಬದುಕುವ ಗ್ವಿಚಿನ್ ಜನ ಆ ಬಯಲನ್ನು ‘ಬದುಕು ಮೊದಲಾಗುವ ಪವಿತ್ರ ಸ್ಥಳ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ, ತೈಲವನ್ನು ವಿರೋಧಿಸುತ್ತಾರೆ. ಬಯಲಿನಲ್ಲಿಯೇ ಇರುವ ಒಂದೇ ಊರಾದ ಕಾಕ್ಟೋವಿಕ್‌ನ ಇನುಪಿಯಾಟ್ ಜನರಲ್ಲಿ ಅನೇಕರು ತೈಲ ಬೇಕೆನ್ನುತ್ತಾರೆ, ಆದ್ದರಿಂದ ‘ಮೂಲನಿವಾಸಿಗಳ ವಿರೋಧ’ ಎಂದು ಒಂದೇ ಉಸಿರಿನಲ್ಲಿ ಬರೆಯಲಾಗದು. ಮರವಿಲ್ಲದ, ಹಿಂಡಿಗೆಂದು ಬಿಟ್ಟ, ಆಳುವವರ ಒಡೆತನದ ಹುಲ್ಲುನೆಲಕ್ಕೆ ಕನ್ನಡದಲ್ಲಿ ಒಂದು ಹಳೆಯ ಪದವಿದೆ. ಅದು ‘ಕಾವಲು’, ಅಮೃತಮಹಲ್ ಕಾವಲಿನ ಕಾವಲು. 1960ರ ‘ರೇಂಜ್’ ಎಂಬುದಕ್ಕೆ ಇದಕ್ಕಿಂತ ಹತ್ತಿರದ್ದು ನನಗೆ ಕಾಣದು. ಅಳುಕು ಎರಡು: ಕಾವಲು ಮೈಸೂರು ಅರಸರು ಸಾಕಿದ ದನಗಳದ್ದು, ಕ್ಯಾರಿಬೂ ಯಾರ ದನವೂ ಅಲ್ಲ, ಜೊತೆಗೆ, ಇಂದಿನ ಓದುಗರಲ್ಲಿ ಹಲವರಿಗೆ ಕಾವಲು ಎಂದರೆ ಕಾವಲುಗಾರ ಮಾತ್ರ. ಚಿತ್ರದುರ್ಗ, ಹಾಸನ, ತುಮಕೂರು, ಚಿಕ್ಕಮಗಳೂರು ಕಡೆಯ ಸದಸ್ಯರು ದಯವಿಟ್ಟು ಹೇಳಬೇಕು: ನಿಮ್ಮ ಊರಿನಲ್ಲಿ ‘ಕಾವಲಿಗೆ ಹೊಡೆದುಕೊಂಡು ಹೋದ’ ಎಂಬ ಮಾತು ಇನ್ನೂ ಬಳಕೆಯಲ್ಲಿದೆಯೇ? ಕಾಡುಪ್ರಾಣಿ ಮೇಯುವ ಬಯಲಿಗೂ ಆ ಪದವನ್ನು ಹೇಳುತ್ತಾರೆಯೇ, ಅಥವಾ ದನವಿಲ್ಲದಿದ್ದರೆ ಅದು ಕಾವಲಲ್ಲವೇ?

ವಂದನೆಗಳೊಂದಿಗೆ.